ನೀಲಗಿರಿಯ ತವರಿನಲ್ಲಿ ನಾವಿಬ್ಬರು

ಅಡಿಲೇಡ್‌ನಿಂದ ಉತ್ತರಕ್ಕೆ ಹೊರಟರೆ ಮೊದಲೆರಡು ಗಂಟೆ ದಾರಿಯ ಎರಡೂ ಬದಿಗೆ ಗೋಧಿ ಹೊಲ. ಜುಲೈ ಅಲ್ಲಿ ನಡುಚಳಿಗಾಲ. ಗೇಣುದ್ದ ಎದ್ದ ಪೈರು ಕಣ್ಣು ಹಾಯುವಷ್ಟು ದೂರ ಎಳೆಹಸಿರಾಗಿ ಹಬ್ಬಿರುತ್ತದೆ. ಅಲ್ಲಲ್ಲಿ ರೈಲುಹಳಿಯ ಪಕ್ಕ ಧಾನ್ಯ ತುಂಬಿಡುವ ಎತ್ತರದ ಬಿಳಿ ಕಣಜಗಳು, ಬೇಲಿಯೊಳಗೆ ಕುರಿಮಂದೆ, ಒಂಟಿ ತಗಡಿನ ಮನೆ. ಕ್ರಿಸ್ಟಲ್ ಬ್ರೂಕ್ ಎಂಬ ಪುಟ್ಟ ಊರು ದಾಟಿದ ಮೇಲೆ ಹಸಿರು ತೆಳುವಾಗುತ್ತ ಬರುತ್ತದೆ. ಪೋರ್ಟ್ ಅಗಸ್ಟಾ ಮುಟ್ಟುವಷ್ಟರಲ್ಲಿ ಗೋಧಿಯ ಸುಳಿವಿಲ್ಲ. ಕೆಂಪು ಮಣ್ಣು, ಅದರ ಮೇಲೆ ಮೊಣಕಾಲೆತ್ತರದ ಬೂದುಬಣ್ಣದ ಸಾಲ್ಟ್‌ಬುಷ್ ಪೊದೆಗಳು. ಎಲೆ ಕಿತ್ತು ನಾಲಿಗೆಗೆ ಮುಟ್ಟಿಸಿದರೆ ಉಪ್ಪುಪ್ಪು.

1865ರಲ್ಲಿ ಜಾರ್ಜ್ ಗಾಯ್ಡರ್ ಎಂಬ ಸರ್ವೇ ಅಧಿಕಾರಿ ಕುದುರೆಯೇರಿ ಈ ಸೀಮೆಯನ್ನೆಲ್ಲ ಸುತ್ತಿ ನಕ್ಷೆಯ ಮೇಲೊಂದು ಗೆರೆ ಎಳೆದರು. ಗೆರೆಯ ದಕ್ಷಿಣಕ್ಕೆ ಬೇಸಾಯ ಮಾಡಬಹುದು, ಉತ್ತರಕ್ಕೆ ಮಳೆಯನ್ನು ನಂಬುವಂತಿಲ್ಲ ಎಂಬುದು ಅದರ ಅರ್ಥ. ಗಡಿ ಗುರುತಿಸಲು ಅವರು ನೆಚ್ಚಿಕೊಂಡದ್ದು ಗಿಡಮರಗಳನ್ನು. ಮ್ಯಾಲಿ ಎಂಬ ಕುಳ್ಳ ನೀಲಗಿರಿಯ ಕಾಡು ಎಲ್ಲಿ ಮುಗಿದು ಸಾಲ್ಟ್‌ಬುಷ್ ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಗೆರೆ ಬಂತು. ಮುಂದಿನ ದಶಕದಲ್ಲಿ ಕೆಲವು ವರ್ಷ ಒಳ್ಳೆಯ ಮಳೆಯಾಯಿತು. ನೇಗಿಲು ಹೋದಲ್ಲಿಗೆ ಮಳೆಯೂ ಬರುತ್ತದೆ ಎಂದು ನಂಬಿದ ಜನ ಗೆರೆ ದಾಟಿ ಹೋಗಿ ಊರು ಕಟ್ಟಿದರು, ಗೋಧಿ ಬಿತ್ತಿದರು. 1880ರ ದಶಕದ ಬರಗಾಲ ಅವರನ್ನು ಎಬ್ಬಿಸಿ ಕಳಿಸಿತು. ಫ್ಲಿಂಡರ್ಸ್ ಬೆಟ್ಟಸಾಲಿನ ಸುತ್ತಮುತ್ತ ಅಂಥವರ ಕಲ್ಲುಮನೆಗಳ ಗೋಡೆಗಳು ಸೂರಿಲ್ಲದೆ ಇಂದಿಗೂ ನಿಂತಿವೆ.

ಇದನ್ನು ಓದಿಕೊಂಡೇ ಬಂದಿದ್ದರೂ ಪೈರು ಮುಗಿದು ಪೊದೆ ಶುರುವಾಗುವ ಆ ಬದಲಾವಣೆ ಕಣ್ಣೆದುರು ನಡೆದಾಗ ನಮ್ಮಿಬ್ಬರಿಗೂ ಮಾತು ಹೊರಡಲಿಲ್ಲ. ನಾವು ಕೋಲಾರ ಜಿಲ್ಲೆಯವರು. ಸಾವಿರ ಅಡಿ ದಾಟಿಯೂ ಬರೀ ದೂಳು ಉಗುಳುವ ಬೋರ್‌ವೆಲ್‌ಗಳನ್ನು ಕಂಡವರು. ಯಜಮಾನರು ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಮಾವಿನ ತೋಟದಲ್ಲೇ ದಿನ ಕಳೆಯುವ ಮನುಷ್ಯ. ಮೆಲ್ಬರ್ನ್‌ನಲ್ಲಿರುವ ಮಗಳು ನಮ್ಮನ್ನು ಕರೆಸಿಕೊಂಡಾಗ ಸಿಡ್ನಿ, ಗೋಲ್ಡ್ ಕೋಸ್ಟ್ ಎಂದು ವಿಮಾನದ ಪ್ರವಾಸ ಹೊಂದಿಸಲು ಹೊರಟಿದ್ದಳು. ಇವರು ನಕ್ಷೆ ಹರಡಿ, ತಳದಿಂದ ತಲೆಯವರೆಗೆ ಬೆರಳಾಡಿಸಿ, "ಈ ನಡುದಾರಿಯಲ್ಲಿ ಹೋಗೋಣ ಕಣೇ, ದೇಶ ಹೇಗಿದೆ ಅಂತ ಗೊತ್ತಾಗುತ್ತೆ" ಅಂದರು. ದಕ್ಷಿಣದ ಅಡಿಲೇಡ್‌ನಿಂದ ಉತ್ತರದ ಡಾರ್ವಿನ್‌ವರೆಗೆ ಸುಮಾರು 3,000 ಕಿ.ಮೀ. ಮೆಲ್ಬರ್ನ್‌ನಿಂದ ಅಡಿಲೇಡ್‌ಗೆ ಬರುವಾಗ ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರವರೆಗೆ ಕಡಿದು ಕಟ್ಟಿದ ಗ್ರೇಟ್ ಓಷನ್ ರೋಡ್ ಸಿಕ್ಕಿತು. ಕಡಲು ಕೊರೆದು ನಿಲ್ಲಿಸಿದ ಸುಣ್ಣಕಲ್ಲಿನ ಕಂಬಗಳನ್ನು ಕಣ್ತುಂಬ ನೋಡಿದ್ದಾಯಿತು. ಮನಸ್ಸು ಮಾತ್ರ ಮುಂದಿನ ಕೆಂಪು ನೆಲದ ಮೇಲಿತ್ತು.

ನಮ್ಮ ಮನೆಯಾಗಿದ್ದು ಬಾಡಿಗೆಗೆ ತೆಗೆದುಕೊಂಡ ಕ್ಯಾಂಪರ್ ವ್ಯಾನ್. ಹಿಂದೆ ಇಬ್ಬರು ಮಲಗುವಷ್ಟು ಹಾಸಿಗೆ, ಎರಡು ಉರಿಯ ಗ್ಯಾಸ್ ಒಲೆ, ಮೊಣಕಾಲೆತ್ತರದ ಫ್ರಿಜ್, ಅಂಗೈಯಗಲದ ಸಿಂಕು, ಕೆಳಗೆ ನೀರಿನ ಟ್ಯಾಂಕು. ಆ ದೇಶದಲ್ಲೂ ನಮ್ಮಂತೆಯೇ ರಸ್ತೆಯ ಎಡಗಡೆ ಓಡಾಟ. ಹಾಗಾಗಿ ಇವರ ಕೈಗೆ ಸ್ಟಿಯರಿಂಗ್ ಬೇಗ ಒಗ್ಗಿತು. ನಕ್ಷೆ, ಪೆಟ್ರೋಲ್ ಬಂಕ್‌ಗಳ ಲೆಕ್ಕ, ಅಡುಗೆ ನನ್ನ ಪಾಲಿಗೆ. ನೀರಿನ ಲೆಕ್ಕ ಇಬ್ಬರಿಗೂ ಸೇರಿದ್ದು. ಟ್ಯಾಂಕಿನ ಮುಳ್ಳು ಇಳಿಯುವುದನ್ನು ನೋಡುತ್ತ ಅಕ್ಕಿ ತೊಳೆದ ನೀರಿನಲ್ಲಿ ತಟ್ಟೆಯ ಜಿಡ್ಡು ಬಿಡಿಸಿ, ಕೊನೆಗೊಂದು ಲೋಟ ಒಳ್ಳೆಯ ನೀರಲ್ಲಿ ಜಾಲಿಸುತ್ತಿದ್ದೆ. ಇವರು ಒಂದು ಚೊಂಬಿನಲ್ಲಿ ಮುಖ, ಕೈಕಾಲು, ಗಡ್ಡ ಎಲ್ಲ ಮುಗಿಸುತ್ತಿದ್ದರು. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದು ಬಾಳ್ವೆ ಮಾಡಿದ ನನಗೆ ಇದು ಹೊಸ ಪಾಠವೇನೂ ಆಗಿರಲಿಲ್ಲ. ಅಷ್ಟು ದೊಡ್ಡ, ಅಷ್ಟು ಶ್ರೀಮಂತ ದೇಶದಲ್ಲೂ ದಾರಿಹೋಕರೆಲ್ಲ ಇದೇ ಲೆಕ್ಕದಲ್ಲಿ ಬದುಕುತ್ತಾರೆಂಬುದು ಹೊಸದು.

ಪೋರ್ಟ್ ಅಗಸ್ಟಾದಿಂದ ಶುರುವಾಗುತ್ತದೆ ಸ್ಟುವರ್ಟ್ ಹೆದ್ದಾರಿ. 1862ರಲ್ಲಿ ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಿ ಬಂದ ಜಾನ್ ಮೆಕ್‌ಡೂಅಲ್ ಸ್ಟುವರ್ಟ್ ಹೆಸರಿನ ರಸ್ತೆ ಇದು. ಎರಡೇ ಪಥ, ನಡುವೆ ಬಿಳಿ ಗೆರೆ, ಅಂಚಿನಲ್ಲಿ ಕೆಂಪು ಮಣ್ಣು. ಅರ್ಧ ಗಂಟೆಗೊಮ್ಮೆ ಎದುರಿನಿಂದ ಒಂದು ವಾಹನ ಬಂದರೆ ಹೆಚ್ಚು. ಬಂದವರು ಸ್ಟಿಯರಿಂಗ್ ಮೇಲಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳಿ ಹೋಗುತ್ತಾರೆ. ಇವರೂ ಬೆರಳೆತ್ತಲು ಕಲಿತರು. ರೋಡ್ ಟ್ರೇನ್ ಬಂದಾಗ ಮಾತ್ರ ಇಬ್ಬರೂ ಉಸಿರು ಬಿಗಿಹಿಡಿಯುತ್ತಿದ್ದೆವು. ಒಂದೇ ಲಾರಿಯ ಹಿಂದೆ ಮೂರು, ಕೆಲವೊಮ್ಮೆ ನಾಲ್ಕು ಟ್ರೇಲರ್. ಉದ್ದ 53 ಮೀಟರ್ ಮುಟ್ಟುತ್ತದೆ. ಅದು ಹಾದುಹೋದ ಗಾಳಿಗೆ ವ್ಯಾನ್ ಒಂದು ಕ್ಷಣ ಪಕ್ಕಕ್ಕೆ ಜಗ್ಗಿ ಸರಿಹೋಗುತ್ತದೆ.

ಆಸ್ಟ್ರೇಲಿಯಾದ ವಿಸ್ತೀರ್ಣ ಸುಮಾರು 77 ಲಕ್ಷ ಚದರ ಕಿ.ಮೀ. ನಮ್ಮ ಕರ್ನಾಟಕದಂಥ ನಲವತ್ತು ರಾಜ್ಯ ಅದರಲ್ಲಿ ಹಿಡಿಸುತ್ತವೆ. ಜನಸಂಖ್ಯೆ ಮಾತ್ರ ನಮ್ಮ ರಾಜ್ಯದ ಅರ್ಧಕ್ಕಿಂತ ಕಡಿಮೆ. ಆ ಜನರಲ್ಲೂ ಬಹುಪಾಲು ಕಡಲಂಚಿನ ನಗರಗಳಲ್ಲಿದ್ದಾರೆ. ಈ ನಡುದಾರಿಯಲ್ಲಿ ಊರೆಂದರೆ ಒಂದು ರೋಡ್‌ಹೌಸ್: ಪೆಟ್ರೋಲ್ ಪಂಪು, ಊಟ, ಹಾಸಿಗೆ, ಶೌಚಾಲಯ, ಟಯರ್ ರಿಪೇರಿ, ಎಲ್ಲ ಒಂದೇ ಸೂರಿನಡಿ. ಗ್ಲೆಂಡಾಂಬೊ ಎಂಬಲ್ಲಿ ಪೆಟ್ರೋಲ್ ತುಂಬಿಸಿದರೆ ಮುಂದಿನ ಪಂಪು 250 ಕಿ.ಮೀ. ದಾಟಿದ ಮೇಲೆ. ಬೆಂಗಳೂರಿನಿಂದ ಹಾಸನ ಹಾದು ಸಕಲೇಶಪುರವನ್ನೂ ದಾಟುವಷ್ಟು ದೂರ, ನಡುವೆ ಒಂದು ಚಹಾದಂಗಡಿಯೂ ಇಲ್ಲದೆ.

ಸಂಜೆ ನಾಲ್ಕರ ಒಳಗೆ ಎಲ್ಲರೂ ಗಾಡಿ ನಿಲ್ಲಿಸಿಬಿಡುತ್ತಾರೆ. ಮುಸ್ಸಂಜೆಯಲ್ಲಿ ಕಾಂಗರೂಗಳು ಮೇಯಲು ರಸ್ತೆಯಂಚಿಗೆ ಬರುತ್ತವೆ. ದೀಪ ಕಂಡರೆ ಬೆದರಿ ಗಾಡಿಗೇ ಎಗರುತ್ತವೆ. ಕತ್ತಲಲ್ಲಿ ಓಡಿಸಬಾರದೆಂದು ನಮ್ಮ ಬಾಡಿಗೆ ಕರಾರಿನಲ್ಲೇ ಬರೆದಿತ್ತು. ಹೀಗೆ ದಿನ ಬೇಗ ಮುಗಿಯುವುದರಿಂದ ಕ್ಯಾರವಾನ್ ಪಾರ್ಕಿನ ಸಂಜೆಗಳು ಉದ್ದ. ಐದು ಗಂಟೆಗೆ ಮಡಚುಕುರ್ಚಿಗಳು ಹೊರಬರುತ್ತವೆ. ಪ್ರತಿ ಗಾಡಿಯ ಮುಂದೂ ಒಂದು ಗಂಡ, ಒಂದು ಹೆಂಡತಿ, ಕೈಯಲ್ಲೊಂದು ಲೋಟ. ಹೆಚ್ಚಿನವರು ಅರುವತ್ತು ದಾಟಿದವರು. 'ಗ್ರೇ ನೊಮ್ಯಾಡ್ಸ್' ಎಂದು ಆ ದೇಶ ಕರೆಯುವುದು ಇವರನ್ನೇ. ಕೆಲಸದಿಂದ ನಿವೃತ್ತರಾಗಿ, ಮನೆಗೆ ಬೀಗ ಜಡಿದು, ಕ್ಯಾರವಾನ್ ಎಳೆದುಕೊಂಡು ತಿಂಗಳುಗಟ್ಟಲೆ ಸುತ್ತುತ್ತಾರೆ. ದಕ್ಷಿಣದಲ್ಲಿ ಚಳಿ ಬಿದ್ದಾಗ ಬೆಚ್ಚಗಿರುವ ಉತ್ತರಕ್ಕೆ ಹೋಗುವುದು, ಅಲ್ಲಿ ಮಳೆಗಾಲ ಹತ್ತಿರವಾದಾಗ ಇಳಿದು ಬರುವುದು. ದೇಶವನ್ನು ಬಳಸಿ ಬರುವ ಒಂದನೇ ನಂಬರಿನ ಹೆದ್ದಾರಿ ಸುಮಾರು 14,500 ಕಿ.ಮೀ. ಉದ್ದದ್ದು. ಅದನ್ನು ಪೂರ್ತಿ ಸುತ್ತುವುದು, ಅವರ ಮಾತಿನಲ್ಲಿ 'ಬಿಗ್ ಲ್ಯಾಪ್', ಬಹಳ ದಂಪತಿಗಳ ಜೀವಮಾನದ ಆಸೆ.

ಒಂದು ಸಂಜೆ ಪಾರ್ಕಿನ ಸಾಮೂಹಿಕ ಅಡುಗೆಮನೆಯಲ್ಲಿ ರಾಗಿ ಮುದ್ದೆ ತಿರುವುತ್ತಿದ್ದೆ. ಹಿಟ್ಟು ಮೆಲ್ಬರ್ನ್‌ನ ಇಂಡಿಯನ್ ಅಂಗಡಿಯದು, ಮುದ್ದೆ ಕೋಲಿನ ಬದಲು ಮರದ ಸೌಟು. ಪಕ್ಕದ ಒಲೆಯಲ್ಲಿ ಮಾಂಸ ಹುರಿಯುತ್ತಿದ್ದ ಟಾಸ್ಮೇನಿಯಾದ ಅಜ್ಜಿ ಬೆಂಕಿ ಸಣ್ಣ ಮಾಡಿ ನಿಂತು ನೋಡಿದರು. "ಅದಕ್ಕೆ ಎಷ್ಟು ನೀರು ಬೇಕು?" ಎಂಬುದು ಅವರು ಕೇಳಿದ ಮೊದಲ ಪ್ರಶ್ನೆ. ರುಚಿಯ ಬಗ್ಗೆ, ಬಣ್ಣದ ಬಗ್ಗೆ ಆಮೇಲೆ ಕೇಳಿದರು. ಬೆಳೆ ಬೆಳೆಯಲು ಬೇಕಾಗುವ ನೀರಿನ ಲೆಕ್ಕವನ್ನು ಇವರು ವಿವರಿಸಿದರು. ಆಕೆಯ ಗಂಡ ಕುರ್ಚಿ ಎಳೆದುಕೊಂಡು ಬಂದು ಕೂತರು. ಅವರೂ ಕುರಿ ಸಾಕಿದ್ದ ರೈತ. ಭತ್ತ, ರಾಗಿ, ಗೋಧಿ, ಕುರಿ ಎಂದು ಮಾತು ಸಾಗಿ ನಕ್ಷತ್ರ ಹುಟ್ಟುವವರೆಗೆ ನಡೆಯಿತು. ಏಳುವ ಮುಂಚೆ ಆಕೆ ನನ್ನ ಪಕ್ಕ ಬಂದು, ನಲವತ್ತು ವರ್ಷ ಗಂಡನ ಜೊತೆ ಒಂದೇ ಮನೆಯಲ್ಲಿದ್ದೂ ಆಡದ ಮಾತುಗಳನ್ನು ಈ ರಸ್ತೆಯಲ್ಲಿ ಆಡಿದೆವು ಎಂದರು. ನನಗದು ಚೆನ್ನಾಗಿ ಅರ್ಥವಾಯಿತು. ಮನೆಯಲ್ಲಿ ನಾವು ಎದುರುಬದುರು ಕೂತು ಮಾತಾಡಿದರೆ ಅದು ಸಾಮಾನ್ಯವಾಗಿ ಮಕ್ಕಳ ಮಾತು, ಸಾಲದ ಮಾತು, ಔಷಧಿಯ ಮಾತು. ಇಲ್ಲಿ ಇಡೀ ದಿನ ಪಕ್ಕಪಕ್ಕ ಕೂತು ಒಂದೇ ದಿಕ್ಕಿಗೆ ನೋಡುತ್ತಿದ್ದೆವು. ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ತೋರಿಸುವುದರಿಂದಲೇ ಮಾತು ಹುಟ್ಟುತ್ತಿತ್ತು. "ರೀ, ಅಗೋ ಹದ್ದು." "ಆ ಮೋಡ ನೋಡೇ, ಮಳೆ ತರೋದಲ್ಲ ಅದು." ಅಲ್ಲಿಂದ ಎಲ್ಲಿಗೋ ಹೋಗಿ, ಇವರು ಓದುವ ಕಾಲದಲ್ಲಿ ಹಸಿದು ಮಲಗಿದ ರಾತ್ರಿಗಳು, ನಾನು ಕೈಬಿಟ್ಟ ಸಂಗೀತ, ಎಲ್ಲ ಒಂದೊಂದೇ ಹೊರಬಂದವು.

ಕೂಬರ್ ಪೀಡಿ ಹತ್ತಿರವಾದಂತೆ ಬಯಲಿನ ಉದ್ದಕ್ಕೂ ಬೆಳ್ಳನೆಯ ಮಣ್ಣಿನ ಗುಪ್ಪೆಗಳು, ಕಣದಲ್ಲಿ ತೂರಿಟ್ಟ ರಾಶಿಗಳ ಹಾಗೆ, ಸಾವಿರಾರು. ಪ್ರತಿ ಗುಪ್ಪೆಯ ಪಕ್ಕ ಒಂದು ಗುಂಡಿ; ಹಿಮ್ಮುಖವಾಗಿ ನಡೆಯಬೇಡಿ ಎಂದು ಎಚ್ಚರಿಸುವ ಫಲಕಗಳು. 1915ರಲ್ಲಿ ಇಲ್ಲಿ ಓಪಲ್ ಹರಳು ಮೊದಲು ಕಂಡದ್ದು ಚಿನ್ನ ಹುಡುಕುತ್ತ ಬಂದ ತಂಡದ ಜೊತೆಗಿದ್ದ ಒಬ್ಬ ಹುಡುಗನಿಗೆ. ಬೇಸಿಗೆಯ ಉರಿ ತಾಳಲಾರದೆ ಜನ ಗುಡ್ಡದೊಳಗೇ ಮನೆ ಕೊರೆದುಕೊಂಡರು. ಹೊರಗೆ 45 ಡಿಗ್ರಿ ಇದ್ದರೂ ಒಳಗೆ ಇಪ್ಪತ್ತರ ಆಸುಪಾಸು. ನಾವು ಉಳಿದುಕೊಂಡ ಕೋಣೆಯೂ ನೆಲದೊಳಗಿನದೇ. ಗೋಡೆಯ ಮೇಲೆ ಯಂತ್ರ ಕೊರೆದ ದುಂಡು ಗೀರುಗಳು ಹಾಗೇ ಇದ್ದವು. ಕೈಯಾಡಿಸಿದರೆ ತಣ್ಣಗಿನ ಮರಳುಗಲ್ಲು.

ಊರಿನ ಒಂದು ಅಂಗಡಿಯಲ್ಲಿ ಮಾಲೀಕರು ಓಪಲ್ ಚೂರೊಂದನ್ನು ನನ್ನ ಅಂಗೈ ಮೇಲಿಟ್ಟರು. ಅವರೆಕಾಳಿನಷ್ಟು ದೊಡ್ಡದು. ಮೇಲ್ನೋಟಕ್ಕೆ ಹಾಲುಬಿಳುಪು. ಅಂಗೈಯನ್ನು ಬಿಸಿಲಿಗೆ ಸ್ವಲ್ಪ ವಾಲಿಸಿದರೆ ಹಸಿರು ಚುಕ್ಕೆ, ಇನ್ನಷ್ಟು ವಾಲಿಸಿದರೆ ಅದೇ ಜಾಗದಲ್ಲಿ ಕೆಂಪು, ಅಂಚಿನಲ್ಲಿ ನೀಲಿ. ಬಣ್ಣ ಕಲ್ಲಿನಲ್ಲಿಲ್ಲ, ಅದರೊಳಗಿನ ಸಿಲಿಕಾದ ಅತಿಸೂಕ್ಷ್ಮ ಗೋಲಿಗಳು ಬೆಳಕನ್ನು ಒಡೆದು ತೋರಿಸುತ್ತವೆ ಎಂದು ಅವರು ವಿವರಿಸಿದರು. ಕೋಟ್ಯಂತರ ವರ್ಷಗಳ ಹಿಂದೆ ಸಿಲಿಕಾ ಕರಗಿಸಿಕೊಂಡ ನೀರು ಬಂಡೆಯ ಬಿರುಕಿಗಿಳಿದು, ನಿಧಾನಕ್ಕೆ ಗಟ್ಟಿಯಾಗಿ ಆದ ಹರಳು ಅದು. ಇಂದಿಗೂ ಅದರ ತೂಕದಲ್ಲಿ ನೂರಕ್ಕೆ ಐದಾರು ಪಾಲಾದರೂ ನೀರೇ ಇರುತ್ತದಂತೆ. ವರ್ಷಕ್ಕೆ 150 ಮಿ.ಮೀ. ಆಸುಪಾಸು ಮಳೆ ಬೀಳುವ ಊರದು. ನಮ್ಮಲ್ಲಿ ಬರದ ಸೀಮೆಯೆನಿಸಿದ ಚಳ್ಳಕೆರೆಗೂ 400 ಮಿ.ಮೀ.ಗಿಂತ ಹೆಚ್ಚು ಬೀಳುತ್ತದೆ. ಇಲ್ಲಿನ ಜನ ಕುಡಿಯುವುದು ನೆಲದಾಳದ ಉಪ್ಪುನೀರನ್ನು ಶುದ್ಧೀಕರಿಸಿ ಕೊಳವೆಯಲ್ಲಿ ತಂದದ್ದನ್ನು. ನಾಣ್ಯ ಹಾಕಿ ವ್ಯಾನಿನ ಟ್ಯಾಂಕು ತುಂಬಿಸಿಕೊಂಡೆವು. ಓಪಲ್ ಕೊಳ್ಳುವ ಯೋಚನೆ ನನಗೆ ಬರಲಿಲ್ಲ. ನೀರು ಕಲ್ಲಾಗಿ ಬಣ್ಣ ತಳೆದದ್ದನ್ನು ಅಂಗೈಯಲ್ಲಿ ಹಿಡಿದು ನೋಡಿದ್ದೇ ದೊಡ್ಡದೆನಿಸಿತು.

ಎರ್ಲ್‌ಡಂಡದಲ್ಲಿ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ ಉಲುರು ಬಂಡೆಯ ದಾರಿ. ಆ ದಾರಿಯ ಕೆಂಪು ಮರಳುದಿಬ್ಬಗಳ ನಡುವೆ ಒಂದು ಮರ ನಮ್ಮನ್ನು ಹಿಡಿದು ನಿಲ್ಲಿಸಿತು. ಕಪ್ಪು ತೊಗಟೆ, ಜೋತುಬಿದ್ದ ಬೂದುಹಸಿರು ಸೂಜಿಗಳು, ಗಾಳಿ ಹೊಕ್ಕರೆ ಕಡಲಿನ ಮೊರೆತ. ಕಾರವಾರ, ಹೊನ್ನಾವರದ ಮರಳದಂಡೆಯಲ್ಲಿ ನಡೆದಾಡಿದ ಯಾರಿಗೂ ಗುರುತು ಸಿಗುವ ಸದ್ದು. ನಾವು ಸರ್ವೆ ಎಂದು, ಕರಾವಳಿಯವರು ಗಾಳಿಮರ ಎಂದು ಕರೆಯುವ ಮರದ ಹತ್ತಿರದ ನೆಂಟ ಇದು, ಡೆಸರ್ಟ್ ಓಕ್. ಸೂಜಿಯೊಂದನ್ನು ಕಿತ್ತು ಎಳೆದರೆ ನಮ್ಮ ಸರ್ವೆಯಂತೆಯೇ ಗಿಣ್ಣುಗಿಣ್ಣಿಗೆ ಕಳಚಿಕೊಂಡಿತು.

ದೊಡ್ಡ ಮರಗಳ ಸುತ್ತ ಇನ್ನೊಂದು ಬಗೆಯ ಗಿಡಗಳಿದ್ದವು. ಕೊಂಬೆಯಿಲ್ಲದೆ, ಮೈತುಂಬ ಸೂಜಿ ಹೊದ್ದು, ನೆಟ್ಟಗೆ ಕೋಲಿನಂತೆ ನಿಂತವು. ಬೇರೆ ಜಾತಿಯೆಂದೇ ಯಾರಿಗಾದರೂ ಅನಿಸಬೇಕು. ಅವೂ ಡೆಸರ್ಟ್ ಓಕ್‌ಗಳೇ, ಎಳೆಯವು. ಈ ಗಿಡ ಬೆಳೆಯುವ ಕಾಲದಲ್ಲಿ ಕೊಂಬೆ ಚಾಚುವುದಿಲ್ಲ. ಇರುವ ಕಸುವನ್ನೆಲ್ಲ ಬೇರಿಗೆ ಕೊಟ್ಟು, ತಾಯಿಬೇರನ್ನು ಮರಳಿನೊಳಗೆ ಇಳಿಸುತ್ತ ಹೋಗುತ್ತದೆ. ವರ್ಷಗಳು ಕಳೆಯುತ್ತವೆ. ಕೆಳಗೆ ಬೇರು ನೀರನ್ನು ಮುಟ್ಟಿದ ಮೇಲಷ್ಟೇ ಮೇಲೆ ಕೊಂಬೆ ಒಡೆದು, ನೆರಳು ಹರಡಿ, ಮರವಾಗುತ್ತದೆ. ಇವರು ಆ ಎಳೆಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಮರಳನ್ನು ಬೆರಳಿನಿಂದ ಸರಿಸಿ ನೋಡಿದರು. "ನೀರು ಸಿಕ್ಕಿದ್ ಮೇಲೇನೇ ಸಂಸಾರ ಹೂಡೋದು ನೋಡೇ ಇದು" ಅಂದರು. ಇಡೀ ಪ್ರವಾಸದಲ್ಲಿ ನಾನು ಕೇಳಿದ ಮಾತುಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಅದು.

ಉಲುರು ದೂರದಿಂದ ಒಂದೇ ಕಲ್ಲು. ಹತ್ತಿರ ಹೋದರೆ ನೂರು ಜಾಗ. ಎತ್ತರ 348 ಮೀಟರ್, ಬುಡದ ಸುತ್ತಳತೆ 9.4 ಕಿ.ಮೀ. ನಸುಕಿನ ಚಳಿಯಲ್ಲಿ ಶಾಲು ಹೊದ್ದು ಸುತ್ತು ಬರಲು ಶುರುಮಾಡಿದೆವು. ಸೂರ್ಯ ಬರುವ ಮುಂಚೆ ಬಂಡೆ ಮಂಕು ನೇರಳೆ. ಮೊದಲ ಬಿಸಿಲು ತಾಗುತ್ತಲೇ ನೆತ್ತಿಯಿಂದ ಕೆಳಕ್ಕೆ ಕೆಂಡದ ಬಣ್ಣ ಇಳಿಯುತ್ತ ಬರುತ್ತದೆ. ಕಲ್ಲಿನಲ್ಲಿರುವ ಕಬ್ಬಿಣದ ಅಂಶ ಗಾಳಿ ನೀರಿಗೆ ತುಕ್ಕು ಹಿಡಿದದ್ದೇ ಈ ಕೆಂಪು. ಮೈಯೆಲ್ಲ ಮೀನಿನ ಹುರುಪೆಯಂತೆ ಪದರೆದ್ದಿದೆ. ನೆತ್ತಿಯಿಂದ ಬುಡದವರೆಗೆ ಅಲ್ಲಲ್ಲಿ ಕಪ್ಪು ಪಟ್ಟೆಗಳು. ಮಳೆ ಬಂದಾಗ ಜಲಪಾತವಾಗಿ ನೀರಿಳಿಯುವ ದಾರಿಗಳವು. ಆ ನೀರೆಲ್ಲ ಬುಡದಲ್ಲಿ ಸೇರುವುದರಿಂದ ಬಂಡೆಯ ಸುತ್ತ ಮಾತ್ರ ಮರಗಳು ದಟ್ಟ, ಹುಲ್ಲು ಎತ್ತರ. ಮುಟಿಟ್ಜುಲು ಎಂಬ ಮಡುವಿನಲ್ಲಿ ಚಳಿಗಾಲದಲ್ಲೂ ನೀರಿತ್ತು. ಪಕ್ಕದ ಕಲ್ಲಾಸರೆಯಲ್ಲಿ ಇಲ್ಲಿನ ಮೂಲನಿವಾಸಿಗಳಾದ ಅನಂಗು ಜನರ ಪೂರ್ವಿಕರು ಬರೆದ ಚಿತ್ರಗಳಿವೆ. ಹತ್ತಾರು ಸಾವಿರ ವರ್ಷಗಳಿಂದ ಈ ಸೀಮೆಯಲ್ಲಿ ಬಾಳಿದ ಅವರಿಗೆ ಎಲ್ಲಿ ಅಗೆದರೆ ನೀರು, ಯಾವ ಹಕ್ಕಿಯ ಹಿಂದೆ ಹೋದರೆ ನೀರು ಎಂಬುದೇ ಶಾಸ್ತ್ರ, ಅದೇ ಪುರಾಣ.

1985ರ ಅಕ್ಟೋಬರ್ 26ರಂದು ಸರ್ಕಾರ ಈ ನೆಲವನ್ನು ಅನಂಗು ಜನರಿಗೆ ಮರಳಿಸಿತು. ಬಂಡೆ ಹತ್ತಬೇಡಿ ಎಂದು ಅವರು ವರ್ಷಗಟ್ಟಲೆ ಕೇಳಿಕೊಂಡರೂ ಜನ ಹತ್ತುತ್ತಲೇ ಇದ್ದರು. 2019ರಲ್ಲಿ, ಅದೇ ಅಕ್ಟೋಬರ್ 26ರಿಂದ, ಹತ್ತುವುದನ್ನು ಪೂರ್ತಿ ನಿಲ್ಲಿಸಲಾಯಿತು. ಹತ್ತಿದವರ ಕಾಲು ಸವೆಸಿದ ಬಿಳಿಗೆರೆ ಬಂಡೆಯ ಒಂದು ಮಗ್ಗುಲಲ್ಲಿ ಇನ್ನೂ ಕಾಣುತ್ತದೆ. ಕೆಲವು ಜಾಗಗಳಲ್ಲಿ ಫೋಟೊ ತೆಗೆಯಬಾರದೆಂಬ ಫಲಕಗಳಿವೆ. ಅವು ಗಂಡಸರಿಗೆ ಅಥವಾ ಹೆಂಗಸರಿಗೆ ಮೀಸಲಾದ ಪವಿತ್ರ ಸ್ಥಳಗಳು. ಅಲ್ಲಿ ಫೋನು ಚೀಲಕ್ಕೆ ಹಾಕಿ, ಚಪ್ಪಲಿ ಬಿಟ್ಟು ಗುಡಿ ಸುತ್ತುವ ಮನಸ್ಸಿನಲ್ಲೇ ನಡೆದೆವು. ಬಲಗಡೆಗೆ ಬಂಡೆಯನ್ನಿಟ್ಟುಕೊಂಡು ಸುತ್ತಬೇಕೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಆಲಿಸ್ ಸ್ಪ್ರಿಂಗ್ಸ್ ಮರುಭೂಮಿಯ ನಡುವಿನ ಊರು. ದೇಶದ ಉದ್ದಕ್ಕೂ ಟೆಲಿಗ್ರಾಫ್ ತಂತಿ ಎಳೆದು 1872ರಲ್ಲಿ ಮುಗಿಸಿದ ಚಾರ್ಲ್ಸ್ ಟಾಡ್ ಹೆಸರು ಅಲ್ಲಿನ ನದಿಗೆ. ಅವರ ಹೆಂಡತಿ ಆಲಿಸ್ ಹೆಸರು ಆ ನದಿಯೊಳಗಿನ ಮಡುವಿಗೆ, ಅದರಿಂದ ಊರಿಗೆ. ಟಾಡ್ ನದಿ ವರ್ಷದ ಹೆಚ್ಚು ಪಾಲು ಅಗಲವಾದ ಮರಳಿನ ಹಾಸು. ಅದರ ನಡುವೆಯೇ ದಪ್ಪ ಬುಡದ ನೀಲಗಿರಿಗಳು, ರಿವರ್ ರೆಡ್ ಗಮ್. ನೀರು ಮರಳಿನ ಕೆಳಗೆ ಹರಿಯುತ್ತದೆ, ಬೇರು ಅಲ್ಲಿಗೆ ಇಳಿದಿದೆ.

ನಮ್ಮೂರಲ್ಲಿ ನಾವು ಕಂಡ ನೀಲಗಿರಿ ಸಾಲಿನಲ್ಲಿ ಒತ್ತೊತ್ತಾಗಿ ನಿಂತದ್ದು. ನಂದಿಬೆಟ್ಟದಲ್ಲಿ ಟಿಪ್ಪು ಕಾಲದಲ್ಲಿ ನೆಟ್ಟರು ಎನ್ನಲಾದ ಮರ, 1980ರ ದಶಕದ ಸಾಮಾಜಿಕ ಅರಣ್ಯದ ಕಾಲಕ್ಕೆ ನಮ್ಮ ಜಿಲ್ಲೆಯ ರಾಗಿ ಹೊಲಗಳನ್ನೆಲ್ಲ ತುಂಬಿಕೊಂಡಿತು. ಏಳೆಂಟು ವರ್ಷಕ್ಕೆ ಕಡಿಯುವುದು, ಕೂಳೆ ಚಿಗುರುವುದು, ಮತ್ತೆ ಕಡಿಯುವುದು. ಕೆರೆ ಬತ್ತಿದವು, ಬೋರ್ ಇಳಿದವು, ಕೊನೆಗೆ 2017ರಲ್ಲಿ ಹೊಸದಾಗಿ ನೆಡುವುದನ್ನೇ ಸರ್ಕಾರ ನಿಷೇಧಿಸಿತು. ನೀರು ಕುಡಿಯುವ ರಾಕ್ಷಸ ಎಂದು ಬೈಯುತ್ತಲೇ ಬಂದವಳು ನಾನು. ಟಾಡ್ ನದಿಯ ಮರಳಿನಲ್ಲಿ ಅದೇ ಕುಲದ ಮರ, ನಾಲ್ಕು ಜನ ಕೈಕೈ ಹಿಡಿದರೂ ತಬ್ಬಲಾಗದಷ್ಟು ದಪ್ಪ, ಒಂದೊಂದರ ನಡುವೆ ಧಾರಾಳ ಅಂತರ. ಮರದ ತುಂಬ ಪೊಟರೆಗಳು. ಅಂಥ ಪೊಟರೆ ಮೂಡಲು ನೂರು ವರ್ಷಕ್ಕೂ ಹೆಚ್ಚು ಬೇಕು. ಕಡಿಯುತ್ತಲೇ ಇರುವ ನಮ್ಮ ತೋಪಿನ ನೀಲಗಿರಿಗೆ ಆ ವಯಸ್ಸು ಎಂದೂ ಬರುವುದಿಲ್ಲ.

ಊರಿನ ಪಶ್ಚಿಮಕ್ಕಿರುವ ಮೆಕ್‌ಡಾನೆಲ್ ಬೆಟ್ಟಗಳ ಒಂದು ಮಡುವಿನ ಬಳಿ ಬೆಳಗ್ಗೆ ಕೂತಿದ್ದಾಗ ತಲೆಯ ಮೇಲೆ ಹಸಿರು ಗುಂಪೊಂದು ಸರ್ರನೆ ತಿರುಗಿತು. ನೂರಾರು ಪುಟ್ಟ ಗಿಳಿಗಳು ಒಟ್ಟಿಗೆ ವಾಲಿದಾಗ ಹಸಿರು, ಇನ್ನೊಂದು ಮಗ್ಗುಲಿಗೆ ಹೊರಳಿದಾಗ ಹಳದಿ. ಬಡ್ಜರಿಗಾರ್. ನಮ್ಮೂರ ಸಂತೆಯಲ್ಲಿ ಲವ್ ಬರ್ಡ್ಸ್ ಎಂದು ಜೋಡಿ ಲೆಕ್ಕದಲ್ಲಿ ಪಂಜರದೊಳಗೆ ಮಾರುವ ಹಕ್ಕಿ. ನೀರಿಗೆ ಇಳಿದು, ಒಂದು ಗುಟುಕು ಕುಡಿದು, ನೀಲಗಿರಿಯ ಪೊಟರೆಗಳತ್ತ ಹೋದವು. ಅವು ಗೂಡು ಕಟ್ಟುವುದೂ ಅಂಥ ಪೊಟರೆಯಲ್ಲೇ. ಮರ, ಹಕ್ಕಿ, ಮರಳು, ಕೆಳಗಿನ ನೀರು ಎಲ್ಲ ಒಂದಕ್ಕೊಂದು ಲೆಕ್ಕ ಹೊಂದಿಸಿಕೊಂಡು ಬಾಳುವ ಜಾಗದಲ್ಲಿ ನೀಲಗಿರಿಯನ್ನು ನೋಡಿದ ಮೇಲೆ ನನಗೆ ಅದರ ಮೇಲಿನ ಸಿಟ್ಟು ಉಳಿಯಲಿಲ್ಲ. ಮರಕ್ಕೆ ಅದರ ಜಾಗ ಗೊತ್ತು. ಜಾಗದ ಮಳೆ ನೋಡದೆ ಮರ ಆರಿಸುವುದು ಮನುಷ್ಯರ ಕೆಲಸ. ಆಲಿಸ್ ಸ್ಪ್ರಿಂಗ್ಸ್‌ನವರೂ ಸಾವಿರಾರು ವರ್ಷಗಳ ಹಿಂದೆ ಇಂಗಿದ ನೀರನ್ನು ನೆಲದಾಳದಿಂದ ಎತ್ತಿ ಕುಡಿಯುತ್ತಿದ್ದಾರೆ, ಅದರ ಮಟ್ಟವೂ ಇಳಿಯುತ್ತಿದೆ. ಗಾಯ್ಡರ್ ಎಳೆದಂಥ ಗೆರೆ ಆ ದೇಶಕ್ಕೆಷ್ಟು ಬೇಕೋ ನಮ್ಮ ತಾಲ್ಲೂಕುಗಳಿಗೂ ಅಷ್ಟೇ ಬೇಕು.

ಉತ್ತರಕ್ಕೆ ಹೋದಂತೆ ದಿನದಿನಕ್ಕೂ ಬಟ್ಟೆ ಕಡಿಮೆಯಾಗುತ್ತದೆ. ಮೊದಲು ಶಾಲು, ಆಮೇಲೆ ಸ್ವೆಟರ್. ಕಾರ್ಲು ಕಾರ್ಲುವಿನಲ್ಲಿ ಒಂದರ ಮೇಲೊಂದು ನಿಂತ ದುಂಡು ಬಂಡೆಗಳು ನಮ್ಮ ಕೋಲಾರ, ಚಿಂತಾಮಣಿಯ ಗುಡ್ಡಗಳನ್ನು ನೆನಪಿಸಿದವು, ಅಲ್ಲಿಯದೂ ಕಣಶಿಲೆಯೇ. ಆಮೇಲೆ ಗೆದ್ದಲ ಹುತ್ತಗಳ ಸೀಮೆ, ಆಳೆತ್ತರ ಮೀರಿದವೂ ಇವೆ. ಮಾಟರಂಕದ ಬಿಟರ್ ಸ್ಪ್ರಿಂಗ್ಸ್ ತಲುಪಿದಾಗ ತಿಳಿನೀಲಿ ಬೆಚ್ಚನೆ ನೀರು ತಾಳೆಮರಗಳ ನಡುವೆ ತಾನೇ ತಾನಾಗಿ ಹರಿಯುತ್ತಿತ್ತು, 34 ಡಿಗ್ರಿ ಬಿಸಿ. ಅಲ್ಲೇ ಹತ್ತಿರದ ರೇನ್‌ಬೋ ಬುಗ್ಗೆಯಿಂದ ದಿನಕ್ಕೆ ಸುಮಾರು 3 ಕೋಟಿ ಲೀಟರ್ ನೀರು ಉಕ್ಕುತ್ತದೆ. ಎಪ್ಪತ್ತರ ಮೇಲಿನ ಗಂಡ ಹೆಂಡಿರು ಫೋಮಿನ ಉದ್ದ ಕೊಳವೆಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಜೋಡಿಜೋಡಿಯಾಗಿ ಪ್ರವಾಹದಲ್ಲಿ ತೇಲಿ ಹೋಗಿ, ಮೆಟ್ಟಿಲು ಹತ್ತಿ ನಡೆದು ಬಂದು ಮತ್ತೆ ತೇಲುತ್ತಿದ್ದರು. ನಾನು ಚೂಡಿದಾರ್‌ನಲ್ಲೇ ಇಳಿದೆ. ಇವರು ಈಜುಬಾವಿಯಲ್ಲಿ ಕಲಿತ ಹುಡುಗ. ಒಂದು ಕೈ ನನಗೆ ಕೊಟ್ಟು ಇನ್ನೊಂದರಲ್ಲಿ ಈಜಿದರು. ಲೋಟದ ಲೆಕ್ಕದಲ್ಲಿ ಬದುಕಿ ಬಂದ ಮೇಲೆ ಅಷ್ಟು ನೀರು ಮೈಗೆ ತಾಗಿದ್ದಕ್ಕೆ ನನಗೆ ಕಣ್ಣು ತುಂಬಿತು.

ಕ್ಯಾಥರೀನ್ ಊರಿನಲ್ಲಿ ನೀರಿನ ಇನ್ನೊಂದು ಮುಖ. 1998ರ ಜನವರಿಯಲ್ಲಿ ಅಲ್ಲಿನ ನದಿ 20 ಮೀಟರ್ ಮೀರಿ ಏರಿ ಊರನ್ನು ಮುಳುಗಿಸಿತ್ತು. ಡಾರ್ವಿನ್‌ಗೆ ವರ್ಷಕ್ಕೆ ಸುಮಾರು 1,700 ಮಿ.ಮೀ. ಮಳೆ, ಹೆಚ್ಚು ಪಾಲು ನವೆಂಬರ್‌ನಿಂದ ಏಪ್ರಿಲ್ ಒಳಗೆ. ಹಾಗಾಗಿ ಹೋಗುವ ದಂಪತಿಗಳು ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಹೋಗಬೇಕು. ಬೇಸಿಗೆಯಲ್ಲಿ ನಡುಸೀಮೆ ಉರಿಯುತ್ತದೆ, ಉತ್ತರ ತುಂಬಿ ಹರಿಯುತ್ತದೆ. ಪೆಟ್ರೋಲ್, ನೀರು ಸಿಕ್ಕಲ್ಲೆಲ್ಲ ತುಂಬಿಸಿಕೊಳ್ಳಿ. ಇಡೀ ದೇಶ ನೋಡುವ ಹಂಬಲ ಬಿಟ್ಟು ಒಂದೇ ದಾರಿ ಹಿಡಿಯಿರಿ. ನೋಡುವ ಜಾಗಗಳ ಪಟ್ಟಿ ಚಿಕ್ಕದಾದಷ್ಟೂ ಇಬ್ಬರಿಗೂ ಹೇಳಿಕೊಳ್ಳಲು ಹೆಚ್ಚು ಸಿಗುತ್ತದೆ.

ಡಾರ್ವಿನ್‌ನ ಮಿಂಡಿಲ್ ಕಡಲದಂಡೆಯಲ್ಲಿ ಒಣಗಾಲದ ಸಂಜೆಸಂತೆ ಗಿಜಿಗುಡುತ್ತಿತ್ತು. ಥಾಯ್ ನೂಡಲ್ಸ್, ಇಂಡೋನೇಷ್ಯಾದ ಸಾಟೆ, ಮಾವಿನಹಣ್ಣಿನ ಜ್ಯೂಸು, ಡೊಳ್ಳಿನಂಥ ವಾದ್ಯದ ಸದ್ದು, ಮಕ್ಕಳ ಕೇಕೆ. ಆ ಗಲಾಟೆಯ ನಡುವೆ ಇವರು ಪೇಪರ್ ತಟ್ಟೆಯ ಹಿಂಬದಿಯಲ್ಲಿ ನಮ್ಮ ತೋಟದ ನಕ್ಷೆ ಬರೆದರು. ಕೆಳಗಿನ ತೆಗ್ಗಿನಲ್ಲಿ ಕೃಷಿಹೊಂಡ, ಬದುವಿನ ಮೇಲೆ ಹೊಂಗೆ ಮತ್ತು ಬೇವು, ಮೂಲೆಯಲ್ಲಿ ಎರಡು ಹುಣಸೆ. ನೇರಳೆಯೂ ಇರಲಿ, ಹಕ್ಕಿಗಳು ಬರುತ್ತವೆ ಅಂದೆ. ಬರೆದುಕೊಂಡರು. ಇನ್ನೊಂದು ಬೋರ್ ಕೊರೆಸುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಿದ್ದ ಮಳೆಯಲ್ಲಿ ಏನಾಗುತ್ತದೋ ಅಷ್ಟರಲ್ಲೇ ತೋಟ ನಡೆಸುವುದೆಂದು ಇಬ್ಬರೂ ಕೂಡಿ ತೀರ್ಮಾನಿಸಿದೆವು.